ಆಲೆಮನೆಯ ಗೋಡೆಯಿಂದ ಬಂದ ದನಿ

ಇಂಥ ಕಥೆಗಳನ್ನು ಭ್ರಮೆ ಎಂದು ತಳ್ಳಿಹಾಕುವವರಲ್ಲಿ ನಾನೂ ಒಬ್ಬನಾಗಿದ್ದೆ. ಇದನ್ನು ಓದಿ ನೀವೂ ಹಾಗೆಯೇ ಮಾಡಿದರೆ ನನಗೆ ಬೇಸರವಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಸಂತೆಬಾಚಹಳ್ಳಿ ಬಳಿಯ ಒಂದು ಊರಿನಲ್ಲಿ ಮೇಷ್ಟ್ರಾಗಿದ್ದೆ. ಹೊಲಗಳಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳು ಕಳುವಾಗುತ್ತಿದ್ದವು. ಪೊಲೀಸರನ್ನು ಕಾದು ಬೇಸತ್ತ ಗಂಡಸರು ತಾವೇ ಕಾವಲು ಪಡೆ ಕಟ್ಟಿಕೊಂಡರು. “ಸೀಟಿ ಊದಿ, ಸಿಕ್ಕವನನ್ನು ಠಾಣೆಗೆ ಒಪ್ಪಿಸಿ, ಕೈ ಮಾತ್ರ ಮಾಡಬೇಡಿ” ಎಂದು ಸಬ್‌ಇನ್ಸ್‌ಪೆಕ್ಟರು ಹೇಳಿ ಹೋಗಿದ್ದರು. ಪಡೆಯವರು ತಮ್ಮದೇ ಕಟ್ಟಳೆ ಮಾಡಿಕೊಂಡರು. ದೀಪ ಹಚ್ಚಿದ ಮೇಲೆ ಊರೊಳಗೆ ಬರುವವನು, “ಯಾರ ಮನೆಯೋನ್ಲಾ?” ಎಂದ ಕೂಡಲೇ ಮನೆತನ ಹೇಳಬೇಕು. ಹೇಳದವನು ಕಳ್ಳ.

ಒಂದು ಸಂತೆಯ ದಿನ, ಕತ್ತಲಾಗುವ ಹೊತ್ತು, ಕರೆಂಟು ಹೋಗಿತ್ತು. ಗದ್ದಲ ಕೇಳಿ ಹೊರಗೆ ಬಂದೆ. ಆಲೆಮನೆಯ ಮುಂದಿನ ಕಂಬಕ್ಕೆ ಅಪರಿಚಿತನೊಬ್ಬನನ್ನು ಕಟ್ಟಿದ್ದರು. ಎಷ್ಟು ಕೇಳಿದರೂ ಅವನು ಬಾಯಿ ಬಿಟ್ಟಿರಲಿಲ್ಲವಂತೆ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿದಿತ್ತು.

“ಠಾಣೆಗೆ ಒಪ್ಪಿಸಿ ಗೌಡ್ರೇ, ಸತ್ತೋಗ್ತಾನೆ” ಎಂದೆ.

ಪಡೆಯ ಮುಂದಾಳು ನಿಂಗೇಗೌಡ ನಕ್ಕ. “ನಿಮ್ ಪಾಠ ಇಸ್ಕೂಲಲ್ಲಿ ಮಡೀಕಳಿ ಮೇಷ್ಟ್ರೇ. ಠಾಣೇಲಿ ಇವನಿಗೆ ಟೀ ಕುಡಿಸಿ ಕಳಿಸ್ತಾರೆ.” ತಲೆಗೇ ಗುರಿಯಿಟ್ಟು ದೊಣ್ಣೆ ಎತ್ತಿದ.

ಆಗ ಆಲೆಮನೆಯ ಗೋಡೆಯ ಕಡೆಯಿಂದ ಮುದುಕಿಯೊಬ್ಬಳ ದನಿ ಬಂತು. ಕೂಗಲಿಲ್ಲ, ಒಲೆಯ ಮುಂದೆ ಕೂತು ಮಾತಾಡಿದಂತಿತ್ತು. “ದೇವಲಾಪುರದ ಕರಿಯಣ್ಣನ ತಮ್ಮ ಕಣ್ರಲಾ ಅವ್ನು. ಕಿವಿ ಕೇಳಕ್ಕಿಲ್ಲ, ಮಾತು ಬರಕ್ಕಿಲ್ಲ. ಬುಡ್ರಲಾ.”

ದೊಣ್ಣೆ ಕೆಳಗಿಳಿಯಿತು. ಯಾರೋ ಬ್ಯಾಟರಿ ಬಿಟ್ಟರು. ಬೀಗ ಹಾಕಿದ ಬಾಗಿಲು, ಬರಿ ಗೋಡೆ. ಅಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಅವನ ಕಟ್ಟು ಬಿಚ್ಚಿದರು.

ಬೆಳಿಗ್ಗೆ ದೇವಲಾಪುರಕ್ಕೆ ಹೇಳಿ ಕಳಿಸಿದೆವು. ಕರಿಯಣ್ಣ ಎಂಬವನು ನಿಜಕ್ಕೂ ಇದ್ದ, ಓಡೋಡಿ ಬಂದ. ಸಂತೆಯ ಗುಂಪಿನಲ್ಲಿ ತಮ್ಮ ಅವನ ಕೈತಪ್ಪಿ ಹೋಗಿದ್ದನಂತೆ.

“ಈ ಊರಲ್ಲಿ ನಮ್ಮನ್ನ ಬಲ್ಲೋರೇ ಇಲ್ಲ. ಗುರುತು ಹೇಳ್ದೋರು ಯಾರಪ್ಪಾ? ಒಂದ್ಸಲ ತೋರ್ಸಿ” ಎಂದು ಕೇಳಿದ.

ಆ ದನಿಯನ್ನು ಅಲ್ಲಿದ್ದವರೆಲ್ಲರೂ ಕೇಳಿದ್ದೆವು. ಯಾರದೆಂದು ಅಂದೂ ತಿಳಿಯಲಿಲ್ಲ, ಇಷ್ಟು ವರ್ಷ ಯೋಚಿಸಿ ದಣಿದ ಮೇಲೂ ನನಗೆ ತಿಳಿದಿಲ್ಲ.

ಕರಿಯಣ್ಣ, ಊರಿನ ದೊಡ್ಡವನೇ ಉಳಿಸಿರಬೇಕೆಂದು ನಿಂಗೇಗೌಡನ ಕಾಲಿಗೆ ಬಗ್ಗಿದ. “ನೀವೇ ಉಳಿಸಿದ್ರಿ ಸ್ವಾಮಿ” ಎಂದ. ಗೌಡ ಕಾಲು ಹಿಂದಕ್ಕೆ ಎಳೆದುಕೊಂಡ. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ತಮ್ಮ, ಅಣ್ಣನ ತೋಳು ಹಿಡಿದು ಮೇಲಕ್ಕೆ ಎತ್ತಿದ.