ಬಲೂನು ಬೇಕೋ ಬೇಡವೋ

ಎಪ್ಪತ್ತೆರಡು ತುಂಬಿದರೂ ಟೈಲರಮ್ಮ ಅಂಗಡಿ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಹೊಲಿಗೆ ಯಂತ್ರದ ಮುಂದೆ ಕೂತು ಮಗಳನ್ನು ಓದಿಸಿದವಳು. ಆ ವರ್ಷ ಮಾತ್ರ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಒಂದು ದಿನ ಅಳತೆ ತೆಗೆಯುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂದು, ಟೇಪು ಹಿಡಿದುಕೊಂಡೇ ಗಿರಾಕಿಯ ಕಾಲಬಳಿ ಕುಸಿದಳು.

ಆಸ್ಪತ್ರೆಯ ಹಿರಿಯ ಡಾಕ್ಟರು, "ಹೃದಯದ ಒಂದು ಕವಾಟ ಸುಣ್ಣಗಟ್ಟಿ ಬಿಗಿದುಕೊಂಡಿದೆ, ಅಮ್ಮಾ. ಎದೆ ಕೊಯ್ಯೋದು ಬೇಡ. ತೊಡೆಸಂದಿಯ ರಕ್ತನಾಳದಿಂದ ಹೊಸದನ್ನ ಒಯ್ದು ಕೂರಿಸ್ತೀವಿ. ಮೊದಲು ಬಲೂನು ಊದಿ ಹಳೇದನ್ನ ಅಗಲ ಮಾಡ್ಕೋತೀವಿ" ಎಂದರು. ಮರುದಿನ ಬಂದ ಕಿರಿಯ ಡಾಕ್ಟರು, "ಬಲೂನು ಬೇಕಾಗಲಿಕ್ಕಿಲ್ಲ, ನೇರವಾಗಿ ಕೂರಿಸಬಹುದು" ಎಂದು ಹೇಳಿ ಹೋದರು.

ಟೈಲರಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಯಾರ ಮಾತು ನಂಬಿ ಸಹಿ ಹಾಕಲಿ?" ಎಂದು ಮಗಳನ್ನು ಕೇಳಿದಳು. ಶಾಲೆಯಲ್ಲಿ ಭೂಗೋಳ ಕಲಿಸುವ ಮಗಳು ಫೋನಿನಲ್ಲಿ ಹುಡುಕಿ, "ಇಲ್ಲೂ ಎರಡೂ ಥರ ಬರೆದಿದಾರಮ್ಮ" ಎಂದು ಪೆಚ್ಚಾದಳು.

ಕೊನೆಗೆ ಟೈಲರಮ್ಮ ಹಿರಿಯ ಡಾಕ್ಟರನ್ನೇ ತಡೆದು ನಿಲ್ಲಿಸಿದಳು. "ಕೆಲವು ಬಟ್ಟೆ ನೆನೆಸಿಯೇ ಕತ್ತರಿಸಬೇಕು, ಕೆಲವಕ್ಕೆ ಬೇಕಿಲ್ಲ. ನನ್ನದು ಯಾವ ಥರ, ಡಾಕ್ಟ್ರೇ?"

ಅವರು ಕುರ್ಚಿ ಎಳೆದುಕೊಂಡು ಕೂತರು. "ಊದಿದರೆ ದಾರಿ ಸಲೀಸು. ಆದ್ರೆ ಊದುವಾಗ ಸುಣ್ಣದ ಚೂರು ಕಿತ್ತು ಮಿದುಳಿಗೆ ಹೋದೀತು ಅಂತ ಕೆಲವರಿಗೆ ಭಯ. ಬಹಳ ಜನರಲ್ಲಿ ಊದಿದ್ರೂ ಊದದಿದ್ರೂ ಅಂಥಾ ವ್ಯತ್ಯಾಸವೇನೂ ಕಂಡಿಲ್ಲ. ನಿಮ್ಮ ಸ್ಕ್ಯಾನನ್ನ ಇನ್ನೊಮ್ಮೆ ನಾವಿಬ್ಬರು ಡಾಕ್ಟರೂ ಕೂತು ನೋಡ್ತೀವಿ."

"ಅಂದ್ರೆ ನಿಮಗೂ ಗೊತ್ತಿಲ್ಲ."

"ಪೂರ್ತಿ ಗೊತ್ತಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳು ಸಹಿ ಹಾಕಿದಳು. ಗೊಂದಲವೇನೂ ತೀರಲಿಲ್ಲ.

ಆಪರೇಷನ್ ದಿನ ಮೇಜಿನ ಮೇಲೆ ಅವಳಿಗೆ ಅರೆನಿದ್ದೆ. "ನೇರ ಹೋಗೋಣ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, "ಬಲೂನು ಕೊಡಿ" ಎಂದದ್ದೂ ಕೇಳಿಸಿತು. ತನಗೆ ಭ್ರಮೆಯೋ ಏನೋ ಎಂದುಕೊಂಡಳು.

ಎಚ್ಚರವಾದ ಮೇಲೆ ಕಿರಿಯ ಡಾಕ್ಟರು, "ಮೊದಲು ಊದಲಿಲ್ಲ. ಕೂರಿಸಿದ ಮೇಲೆ ಹೊಸ ಕವಾಟ ಪೂರ್ತಿ ಬಿಚ್ಚಿಕೊಂಡಿರಲಿಲ್ಲ, ಪಕ್ಕದಲ್ಲಿ ರಕ್ತ ಸೋರ್ತಿತ್ತು. ಅದಕ್ಕೇ ಆಮೇಲೆ ಊದಿದ್ವಿ" ಎಂದರು.

"ಹಾಗಾದ್ರೆ ನಿಮ್ಮಿಬ್ಬರಲ್ಲಿ ಯಾರು ಹೇಳಿದ್ದು ಸರಿ?"

ಅವರು ನಕ್ಕು ನಾಡಿ ಹಿಡಿದು ನೋಡಿದರು.

ಮೂರನೆಯ ದಿನ ಅವಳು ವಾರ್ಡಿನ ಉದ್ದಕ್ಕೂ ನಿಲ್ಲದೆ ನಡೆದು ಬಂದಳು. ಪಕ್ಕದ ಹಾಸಿಗೆಯ ಹೆಂಗಸು, "ನಿಮಗೆ ಬಲೂನು ಹಾಕಿದ್ರಾ, ಅಕ್ಕಾ?" ಎಂದು ಕೇಳಿದಳು. ಟೈಲರಮ್ಮ ಎರಡು ಸಲ ಹೇಳಹೋಗಿ ತಡವರಿಸಿ, ಮಗಳ ಕಡೆ ತಿರುಗಿದಳು: "ನೀನೇ ಹೇಳೇ."