ಹೊಸ ಡಬ್ಬಿಯ ಸಕ್ಕರೆ

ಮೊನ್ನೆ ಅಂಗಡಿಗೆ ಬಂದ ಹುಡುಗನೊಬ್ಬ ಕುಂಕುಮದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು, ಮುಚ್ಚಳ ತೆಗೆದು, ಒಳಗೆ ಮೂಗಿಟ್ಟು ಮೂಸಿದ. ಹೊಸ ಡಬ್ಬಿಯನ್ನು ಮೂಸುವವರು ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಹಾಲೆ ಮರದ ಹಸಿ ವಾಸನೆಗೆ ಬಿಸಿ ಅರಗಿನ ವಾಸನೆ ಸೇರಿದರೆ ಎಂಥವನಿಗೂ ಒಂದು ಸಲ ಮೂಸೋಣ ಅನ್ನಿಸುತ್ತದೆ. ಈ ಹುಡುಗ ಮೂಸಿದ್ದು ಅದಕ್ಕಾಗಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯನಿಗೆ ಕಣ್ಣು ಹೊಡೆದು, "ಇದ್ರಲ್ಲಿ ರಾಚಪ್ಪನ ಸಕ್ಕರೆ ಇಲ್ಲ ತಾನೆ, ಯಜಮಾನ್ರೇ?" ಅಂದ. ಇಬ್ಬರೂ ನಕ್ಕರು.

ನನ್ನ ಕೈಯಲ್ಲಿ ಉಳಿ ಇತ್ತು. ಕೆಳಗಿಟ್ಟೆ. ಸಿಟ್ಟು ಬಂದಾಗ ಮೊದಲು ಕೈಯಲ್ಲಿರುವುದನ್ನು ಕೆಳಗಿಡಬೇಕು ಎಂದು ನನ್ನ ಹೆಂಡತಿ ಮದುವೆಯಾದ ವರ್ಷವೇ ಹೇಳಿಕೊಟ್ಟಿದ್ದಾಳೆ. ಅವಳ ಪಾಠಗಳಲ್ಲಿ ನನಗೆ ಹತ್ತಿದ್ದು ಅದೊಂದೇ.

ವಿಷದ ರಾಚಪ್ಪನ ಕಥೆಯನ್ನು ನೀವೂ ಕೇಳಿರಬಹುದು. ಮಾಗಡಿ ಬಸ್ಸಿನಲ್ಲಿ ಕೂತರೆ ಕುದೂರು ಬರುವುದರೊಳಗೆ ಯಾರಾದರೂ ಒಬ್ಬರು ಹೇಳಿ ಮುಗಿಸುತ್ತಾರೆ. ಅವನು ಊರಿಗೊಂದು ಹೆಸರು ಇಟ್ಟುಕೊಂಡಿದ್ದನಂತೆ, ಪೊಲೀಸರ ಪಕ್ಕದಲ್ಲೇ ಕೂತು ಊಟ ಮಾಡಿ ಎದ್ದು ಹೋದನಂತೆ, ಎಂಥ ಜಾಣ, ಎಂಥ ಮಾತುಗಾರ! ಹೇಳುವವನ ಬಾಯಲ್ಲಿ ನೀರೂರುತ್ತದೆ. ಕೇಳುವವರು ತೊಡೆ ತಟ್ಟಿಕೊಂಡು ನಗುತ್ತಾರೆ. ಹಾಗೆ ನಗುವಾಗ ಅವರನ್ನು ತಡೆದು, ಅವನ ಕೈಯಲ್ಲಿ ಸತ್ತವನ ಹೆಸರೇನು ಎಂದು ಕೇಳಿ ನೋಡಿ. ಒಬ್ಬನಿಗೂ ಗೊತ್ತಿರುವುದಿಲ್ಲ. ಸತ್ತವನ ಹೆಸರು ನಿಂಗಯ್ಯ. ಬೈರಾಪಟ್ಟಣದವನು. ಗಾಡಿ ಹೊಡೆಯುತ್ತಿದ್ದ. ಇದನ್ನು ಮೊದಲೇ ಬರೆದುಬಿಟ್ಟೆ, ಇನ್ನು ನಿಧಾನವಾಗಿ ಹೇಳಬಹುದು.

ರಾಮನಗರವನ್ನು ಜನ ಕ್ಲೋಸ್‌ಪೇಟೆ ಎನ್ನುತ್ತಿದ್ದ ಕಾಲ. ಮಹಾರಾಜರ ಆಳ್ವಿಕೆ. ನಾಲ್ಕನೆಯ ಕ್ಲಾಸಿನಲ್ಲಿ ಮೇಷ್ಟ್ರು ನಾನು ಮಾಡದ ತಪ್ಪಿಗೆ ಕೆನ್ನೆಗೆ ಹೊಡೆದರು. ನಾನು ಸ್ಲೇಟನ್ನು ಅವರ ಮೇಜಿನ ಮೇಲಿಟ್ಟು ಆಚೆ ಬಂದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಈ ಬರಹದಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಾನು ಕಡೆದ ಮುಚ್ಚಳದಲ್ಲಿ ಮಾತ್ರ ತಪ್ಪು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಅಪ್ಪ ನನ್ನನ್ನು ಚನ್ನಪಟ್ಟಣದ ಬುಡೇನ್ ಸಾಹೇಬರ ಅಂಗಡಿಗೆ ತಂದು ಬಿಟ್ಟರು. ಸಾಹೇಬರು ಬೊಂಬೆ, ಡಬ್ಬಿ, ತೊಟ್ಟಿಲ ಗಿಲಕಿ ಎಲ್ಲವನ್ನೂ ಮಾಡುತ್ತಿದ್ದರು, ಆದರೆ ಹೆಸರು ಮಾಡಿದ್ದು ಮುಚ್ಚಳದ ಡಬ್ಬಿಯಲ್ಲಿ. ಮೊದಲ ಕೆಲವು ವರ್ಷ ನನ್ನ ಕೆಲಸ ಹಗ್ಗ ಎಳೆಯುವುದು. ನಾನು ಎಳೆದಂತೆ ಮರದ ತುಂಡು ಗಿರಗಿರ ತಿರುಗುವುದು, ಅವರು ಉಳಿ ಹಿಡಿದು ಕಡೆಯುವರು. ಆಮೇಲೆ ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೇ ಅದು ಕರಗಿ ಬಣ್ಣ ಕೂರುವುದು. "ಕೈ ನೋಯ್ತದಾ ಮಗ?" ಎಂದು ಕೇಳುವರು. ಇಲ್ಲ ಅನ್ನುತ್ತಿದ್ದೆ. "ಸುಳ್ಳು ಹೇಳೋನಿಗೆ ಮುಚ್ಚಳ ಕೂರಲ್ಲ ಕಣೋ," ಎಂದು ನಕ್ಕು, ಹೆಂಡತಿ ಬೀಬಮ್ಮನವರನ್ನು ಕೂಗಿ ಕೊಬ್ಬರಿ ಎಣ್ಣೆ ತರಿಸುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮುಗಿದ ಪ್ರತಿ ಡಬ್ಬಿಗೂ ಸಾಹೇಬರು ಒಂದು ಚಿಟಿಕೆ ಸಕ್ಕರೆ ಹಾಕಿ, ಮುಚ್ಚಳ ಒತ್ತಿ, ರಾತ್ರಿಯಿಡೀ ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದರು. ಬೆಳಿಗ್ಗೆ ಇರುವೆಗಳು ಡಬ್ಬಿಗಳ ಸುತ್ತ ಜಾತ್ರೆಯ ಹಾಗೆ ನೆರೆದಿರುತ್ತಿದ್ದವು. ಯಾವ ಡಬ್ಬಿಯ ಒಳಗೆ ಒಂದಾದರೂ ಇರುವೆ ಸಿಕ್ಕಿತೋ ಅದರ ಮುಚ್ಚಳ ಸರಿಯಿಲ್ಲ ಎಂದು ಅರ್ಥ. ಅದು ಒಲೆಗೆ. "ಅಮಲ್ದಾರ್ರಿಗೆ ಬೇಕಾದ್ರೆ ಏನಾದ್ರೂ ಹೇಳಿ ಒಪ್ಪಿಸ್ಬೋದು. ಇರುವೆಗೆ ಏನ್ ಹೇಳ್ತೀಯಪ್ಪ?" ಅನ್ನುವರು. ನಾನು ಕಡೆದ ಮೊದಲ ಡಬ್ಬಿಗಳೆಲ್ಲ ಹೀಗೆ ಒಲೆಗೆ ಹೋದವು. ಇರುವೆಗಳಿಗೆ ನನ್ನ ಮೇಲೆ ಏನೋ ಹಗೆಯಿದೆ ಎಂದೇ ನಂಬಿದ್ದೆ.

ಉಳಿದ ಡಬ್ಬಿಗಳು ಸಕ್ಕರೆಯ ಸಮೇತ ಮಾರಾಟವಾಗುತ್ತಿದ್ದವು. ಕೊಂಡವರು ಅಲ್ಲೇ ಮುಚ್ಚಳ ತೆಗೆದು ಆ ಚಿಟಿಕೆಯನ್ನು ಬಾಯಿಗೆ ಹಾಕಿಕೊಳ್ಳಬೇಕು. ಹಳ್ಳಿಯ ಮನೆಗಳಲ್ಲಿ ಬೆಲ್ಲ ಬಿಟ್ಟರೆ ಬೇರೆ ಸಿಹಿ ಕಾಣದ ದಿನಗಳು ಅವು. ಬಿಳಿ ಸಕ್ಕರೆ ಎಂದರೆ ಮಕ್ಕಳು ಮೊದಲ್ಗೊಂಡು ಮುದುಕಿಯರವರೆಗೆ ಎಲ್ಲರ ಮುಖವೂ ಅರಳುತ್ತಿತ್ತು. ಬುಡೇನ್ ಸಾಹೇಬರ ಡಬ್ಬಿ ಎಂದರೆ ಅದರಲ್ಲಿ ಸಕ್ಕರೆ ಇರುತ್ತದೆ, ತಿನ್ನಬೇಕು. ಕನಕಪುರದ ಸಂತೆಯಿಂದ ಮಾಗಡಿಯ ಕೋಟೆ ಬೀದಿಯವರೆಗೆ ಇದು ಗೊತ್ತಿತ್ತು. ಇದರಲ್ಲಿ ಅನುಮಾನಪಡುವುದಕ್ಕೆ ಏನಿದೆ, ಹೇಳಿ.

ರಾಚಪ್ಪ ಬಂದದ್ದು ಒಂದು ಸುಗ್ಗಿಯ ಹೊತ್ತಿಗೆ. ಸಿರಾ ಕಡೆಯವನು, ಊರೂರು ತಿರುಗಿ ಕುಂಕುಮ ಮಾರುತ್ತೇನೆ ಎಂದ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಮಡಿಸಿದ ಶಾಲು, ಬಾಯಿ ತುಂಬ ನಗು. ವಾರಕ್ಕೊಮ್ಮೆ ಬಂದು ಡಬ್ಬಿ ಕೊಳ್ಳುವನು. ಕೊಂಡ ಮೇಲೂ ಹೋಗುತ್ತಿರಲಿಲ್ಲ, ನಮ್ಮ ಹೊಸ್ತಿಲ ಮೇಲೆ ಕೂತು ಕಥೆ ಹೇಳುವನು. ಬೀಬಮ್ಮನವರು ಬಾವಿಗೆ ಹೊರಟರೆ ಎದ್ದು ಕೊಡ ಕಸಿದುಕೊಂಡು, "ನಾನಿರೋವಾಗ ನೀವ್ಯಾಕಮ್ಮ?" ಎಂದು ತಾನೇ ನೀರು ಸೇದಿ ತರುತ್ತಿದ್ದ. ಆ ಹೊತ್ತಿಗಾಗಲೇ ನಾನು ಹಗ್ಗ ಎಳೆಯುವುದು ಬಿಟ್ಟು ಉಳಿ ಹಿಡಿದಿದ್ದೆ. "ಈ ಹುಡ್ಗನ ಕೈ ನಿಮ್ಮ ಕೈಯನ್ನ ಮೀರುಸ್ತೈತೆ ನೋಡ್ರಿ ಸಾಹೇಬ್ರೆ," ಅನ್ನುವನು. ನನಗೆ ಅವನು ಇಷ್ಟವಾಗಿದ್ದ. ಅದಕ್ಕೆ ನಾನು ಇವತ್ತಿಗೂ ನಾಚಿಕೆಪಡುವುದಿಲ್ಲ. ನಗುತ್ತಾ ಬಂದವನನ್ನು ಕೂತ್ಕೊಳ್ಳಿ ಅನ್ನುವುದು ನಮ್ಮ ಕಡೆಯ ರೀತಿ. ನಾಚಿಕೆ ಬರಬೇಕಾದದ್ದು ಅದನ್ನು ಕಲಿತುಕೊಂಡು ಬಂದವನಿಗೆ.

ನಿಂಗಯ್ಯ ನಮಗೆ ಮಾಗಡಿ ಕಾಡಿನ ಕಡೆಯಿಂದ ಹಾಲೆ ಮರ ತಂದು ಹಾಕುತ್ತಿದ್ದ. ಅವನ ಹಳ್ಳಿಕಾರ್ ಎತ್ತುಗಳ ಜೋಡಿಯನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಹೆಂಡತಿಗಿಂತ ಮೊದಲು ಎತ್ತಿಗೆ ಉಣ್ಣಿಸುತ್ತಾನೆ ಎಂದು ತಮಾಷೆ ಮಾಡುತ್ತಿದ್ದೆವು. ರಾಚಪ್ಪನಿಗೂ ಅವನಿಗೂ ದೋಸ್ತಿ ಬೆಳೆಯಿತು.

"ಏನ್ಲಾ ನಿಂಗ, ಎತ್ತು ಮಾರ್ತೀಯೇನ್ಲಾ?" ಎಂದು ರಾಚಪ್ಪ ಕೆಣಕುವನು.

"ನಿನ್ನ ಮೀಸೆ ಮಾರು, ಆಮ್ಯಾಕೆ ನನ್ನ ಎತ್ತು ಕೇಳು."

"ಮೀಸೆ ಬೆಳಿತದೆ ಕಣ್ಲಾ."

"ಅದುಕ್ಕೇ ಯೋಳ್ದೆ. ನನ್ನ ಎತ್ತು ಮಾರುದ್ರೆ ತಿರ್ಗಾ ಬೆಳ್ಯಾಕಿಲ್ಲ. ಒಸಿ ದೂರ ನಿಂತ್ಕೊ, ನಿನ್ನ ದಿಟ್ಟಿ ತಗುಲ್ತದೆ."

ಎಲ್ಲರೂ ನಕ್ಕೆವು. ಸಾಹೇಬರೂ ನಕ್ಕರು.

ಒಂದು ದಿನ ಕುದೂರಿನ ದಾರಿಯಲ್ಲಿ, ಹುಣಸೆ ಮರದ ಕೆಳಗೆ ನಿಂಗಯ್ಯ ಬಿದ್ದಿದ್ದ. ಗಾಡಿ ಇತ್ತು, ಎತ್ತುಗಳಿರಲಿಲ್ಲ. ಕಣ್ಣು ಅಗಲವಾಗಿ ತೆರೆದು, ಇಲ್ಲದ ಎತ್ತುಗಳನ್ನು ಹೆಸರು ಹಿಡಿದು ಕೂಗುತ್ತಿದ್ದನಂತೆ. ಪಕ್ಕದಲ್ಲಿ ನಮ್ಮ ಅಂಗಡಿಯ ಕೆಂಪು ಡಬ್ಬಿ ಬಿದ್ದಿತ್ತು. ಏನು ತಿಂದೆ ಎಂದು ಕೇಳಿದವರಿಗೆ, "ಸಾಬ್ರು ಸಕ್ರೆ ಕೊಟ್ಟು ಕಳ್ಸಿದ್ರು," ಎಂದ. ಮತ್ತೆ ಎತ್ತುಗಳನ್ನು ಕೂಗಿದ. ಮಾರನೆಯ ದಿನ ತೀರಿಕೊಂಡ.

ಅವನ ಮಟ್ಟಿಗೆ ಅದು ನಿಜವೇ. ದಾರಿಯಲ್ಲಿ ರಾಚಪ್ಪ ಜೊತೆಯಾಗಿ, "ಸಾಹೇಬ್ರು ನಿನ್ನ ಮನೆಯಾಕೆಗೆ ಅಂತ ಹೊಸ ಡಬ್ಬಿ ಕೊಟ್ಟವ್ರೆ, ಸಕ್ಕರೆ ಬಾಯಿಗಾಕ್ಕೊ," ಎಂದು ಕೊಟ್ಟಿದ್ದಾನೆ. ಸಾಹೇಬರು ಹಾಕುತ್ತಿದ್ದದ್ದು ಒಂದು ಚಿಟಿಕೆ, ಇವನು ಡಬ್ಬಿ ತುಂಬ ತುಂಬಿದ್ದ. ಸಕ್ಕರೆಯ ಜೊತೆ ಉಮ್ಮತ್ತಿ ಬೀಜದ ವಿಷದ ಪುಡಿ, ಅದರ ಕಹಿ ಗೊತ್ತಾಗದಂತೆ ಏಲಕ್ಕಿ. ಪಾಪ, ನಿಂಗಯ್ಯ ಸಾಹೇಬರ ಧಾರಾಳತನಕ್ಕೆ ಸಂತೋಷಪಟ್ಟುಕೊಂಡೇ ತಿಂದಿರಬೇಕು. ಬೇರೆ ಊರಿನವನಾಗಿದ್ದರೆ ಇದೇಕೆ ಇಷ್ಟೊಂದು ಎಂದು ಕೇಳುತ್ತಿದ್ದ. ನಮ್ಮವನು ಕೇಳಲಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಅವತ್ತು ಊರಿಗೆ ಬಂದು ಮುಟ್ಟಿದ್ದು "ಸಾಬ್ರ ಸಕ್ರೆ" ಎಂಬ ಎರಡು ಮಾತು ಮಾತ್ರ. ದಫೇದಾರ ಬಂದು ಸಾಹೇಬರನ್ನು ಕೆಲಸದ ಪಂಚೆಯಲ್ಲೇ, ಕೈಯ ಅರಗು ಒರೆಸಿಕೊಳ್ಳಲೂ ಬಿಡದೆ ಕರೆದುಕೊಂಡು ಹೋದ. ಬೀದಿಯ ಎರಡೂ ಕಡೆ ಜನ. ಅವರಲ್ಲಿ ಆ ಸಕ್ಕರೆ ತಿಂದು ಬೆಳೆಯದವರು ಯಾರಿದ್ದರು? ಒಬ್ಬನೂ "ನಿಲ್ಲಿ ಸ್ವಾಮಿ, ಇವರು ಅಂಥವರಲ್ಲ" ಅನ್ನಲಿಲ್ಲ. ನಾನು ಅಂದೆ. ದಫೇದಾರ ನನ್ನ ಎದೆಗೆ ಕೈಯಿಟ್ಟು ತಳ್ಳಿದ. ಸಂಜೆಯ ಹೊತ್ತಿಗೆ ಹೆಂಗಸರು ತಮ್ಮ ತವರಿನ ಡಬ್ಬಿಗಳನ್ನೂ ತಂದು ನಮ್ಮ ಬಾಗಿಲ ಮುಂದೆ ಎಸೆದು ಹೋದರು. ಎಲ್ಲವನ್ನೂ ನಾನೇ ಆರಿಸಿ ಒಳಗಿಟ್ಟೆ. ಅಷ್ಟು ಜೋರಾಗಿ ಬಿದ್ದರೂ ಒಂದರ ಮುಚ್ಚಳವೂ ಬಿಚ್ಚಿಕೊಂಡಿರಲಿಲ್ಲ.

ನಾನು ದಿನಾ ಠಾಣೆಗೆ ಬುತ್ತಿ ಒಯ್ಯುತ್ತಿದ್ದೆ. ನಿಂಗಯ್ಯ ಬಿದ್ದಂದಿನಿಂದ ಕಾಣದ ಕುಂಕುಮದ ರಾಚಪ್ಪ ಎಲ್ಲಿ ಎಂದು ಹುಡುಕಿ ಅಂತ ದಿನಾ ಹೇಳುತ್ತಿದ್ದೆ. "ನೀನೇನು ಇನ್‌ಸ್ಪೆಕ್ಟರೇನೋ?" ಎಂದು ನಗುತ್ತಿದ್ದರು. ಕೊನೆಗೆ ಕನಕಪುರದ ಸಂತೆಯಲ್ಲಿ ಒಬ್ಬ ದಲ್ಲಾಳಿ ನಿಂಗಯ್ಯನ ಎತ್ತುಗಳ ಗುರುತು ಹಿಡಿದ. ಹಗ್ಗ ಹಿಡಿದು ನಿಂತಿದ್ದವನು ರಾಚಪ್ಪ. ಅವನ ಗಂಟಿನಲ್ಲಿ ನಮ್ಮ ಡಬ್ಬಿಗಳು, ಎಲ್ಲದರಲ್ಲೂ ಅದೇ ಪುಡಿ. ಸೇಲಂ ಕಡೆಯಿಂದ ಇತ್ತ ಎಷ್ಟೋ ಊರಿನ ಪೊಲೀಸರು ಅವನಿಗಾಗಿ ಹುಡುಕುತ್ತಿದ್ದರಂತೆ.

ಅವನನ್ನು ಬೇಡಿ ಹಾಕಿ ತಂದ ದಿನ ಕ್ಲೋಸ್‌ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಅವನು ನಗುತ್ತಲೇ ಇದ್ದ. ನನ್ನನ್ನು ಕಂಡು ನಿಂತ.

"ಏನಪ್ಪಾ, ಚೆನ್ನಾಗಿದ್ದೀಯಾ? ಅಮ್ಮಾವ್ರಿಗೆ ಈಗ ನೀರು ಯಾರು ಸೇದಿ ಕೊಡ್ತಾರೆ?"

ಜನ ಗೊಳ್ಳೆಂದು ನಕ್ಕರು. ಅವತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ, ಕೆಳಗಿಡುವುದಕ್ಕೂ ಏನೂ ಇರಲಿಲ್ಲ. ಅವನ ಮುಖಕ್ಕೆ ಉಗಿದೆ. ಪೊಲೀಸಿನವನು ನನಗೇ ಒಂದು ಬಿಟ್ಟ. ಆ ಏಟು ಇವತ್ತಿಗೂ ನನಗೆ ಹಿತವಾಗಿದೆ.

ಸಾಹೇಬರನ್ನು ಬಿಟ್ಟರು. ಅವರನ್ನು ನೋಡಲು ಯಾರೂ ನೆರೆಯಲಿಲ್ಲ. ಡಬ್ಬಿ ಎಸೆದವರಲ್ಲಿ ಒಬ್ಬರಾದರೂ ಬಂದು ತಪ್ಪಾಯಿತು ಅನ್ನಲಿಲ್ಲ. ಎಲ್ಲರೂ ರಾಚಪ್ಪನ ಕಥೆ ಹೇಳಿಕೊಳ್ಳುವುದರಲ್ಲಿ ಮುಳುಗಿದ್ದರು. ನಿಧಾನವಾಗಿ ಗಿರಾಕಿಗಳು ಮತ್ತೆ ಬಂದರು. ಬಂದವರು ಮುಚ್ಚಳ ತೆಗೆದು ಮೊದಲು ಮೂಸುತ್ತಿದ್ದರು. ಕೆಲವರು ಸಕ್ಕರೆಯನ್ನು ನೆಲಕ್ಕೆ ಕೊಡವುತ್ತಿದ್ದರು. ಸಾಹೇಬರು ಕೆಲವು ದಿನ ನೋಡಿದರು. ಒಂದು ಸಂಜೆ ಸಕ್ಕರೆಯ ಬಟ್ಟಲನ್ನು ಬೀಬಮ್ಮನವರ ಕೈಗೆ ಕೊಟ್ಟು, "ಒಳಗಿಟ್ಟುಬಿಡು. ಮೂಸೋರಿಗೆ ನಾನು ಸಕ್ಕರೆ ಹಾಕಲ್ಲ," ಎಂದರು. ಆಮೇಲೆ ಅವರು ಬದುಕಿದ್ದಷ್ಟು ದಿನವೂ ಹಾಕಲಿಲ್ಲ. ಅವರ ಹಿಂದೆ ಅಂಗಡಿ ನನ್ನ ಪಾಲಿಗೆ ಬಂತು. ನಾನೂ ಹಾಕಲಿಲ್ಲ. ರಾಚಪ್ಪ ಕದ್ದ ಎತ್ತುಗಳು ನಿಂಗಯ್ಯನ ಹಟ್ಟಿಗೆ ವಾಪಸು ಬಂದವು. ಡಬ್ಬಿಯ ಸಕ್ಕರೆ ಬರಲಿಲ್ಲ.

ಈಗ ಮೊನ್ನೆಯ ಹುಡುಗನ ವಿಷಯ. ಅವನು ಇನ್ನೂ ನಗುತ್ತಿದ್ದ. ನಾನು ಹೆಂಡತಿಯನ್ನು ಕೂಗಿ ಸಕ್ಕರೆ ತರಿಸಿದೆ. ಅವನ ಕೈಯಲ್ಲಿದ್ದ ಡಬ್ಬಿಯನ್ನೇ ತೆಗೆದುಕೊಂಡು, ಒಂದು ಚಿಟಿಕೆ ಹಾಕಿ, ಅವನ ಮುಂದೆ ಹಿಡಿದೆ.

"ತಗೊ, ಬಾಯಿಗೆ ಹಾಕ್ಕೊ."

ನಗು ನಿಂತಿತು. ಬೆರಳು ಡಬ್ಬಿಯವರೆಗೆ ಬಂದು ಹಿಂದೆ ಹೋಯಿತು. ಗೆಳೆಯನ ಮುಖ ನೋಡಿದ.

"ತಮಾಷೆಗೆ ಅಂದೆ, ಯಜಮಾನ್ರೇ."

"ನಾನು ತಮಾಷೆಗೆ ಹಾಕ್ಲಿಲ್ಲ. ನನ್ನ ಕಣ್ಮುಂದೆ, ನಿನ್ನ ಕಣ್ಮುಂದೆ ಹಾಕಿದ ಸಕ್ಕರೆ. ತಿನ್ನಕ್ಕೆ ಯಾಕೆ ಭಯ? ಅವನ ಜಾಣತನ ಅಂತ ನಗ್ತೀರಲ್ಲ, ಅದು ಇದೇ ಕಣಪ್ಪ. ನೋಡ್ಕೊ ನಿನ್ನ ಬೆರಳನ್ನ."

"ಬಸ್ಸಿಗೆ ಹೊತ್ತಾಯ್ತು," ಎಂದು ಗೆಳೆಯ ಅವನ ತೋಳು ಎಳೆದ. ಹೊಸ್ತಿಲು ದಾಟುವಾಗ ಕೂಗಿ ಹೇಳಿದೆ: "ಸತ್ತೋನ ಹೆಸರು ನಿಂಗಯ್ಯ! ಬಸ್ಸಲ್ಲಿ ಕಥೆ ಹೇಳುವಾಗ ಅದನ್ನೂ ಸೇರಿಸಿ!" ಬೀದಿಯವರೆಲ್ಲ ತಿರುಗಿ ನೋಡಿದರು. ನೋಡಲಿ.

ಮುಚ್ಚಳ ಒತ್ತಿ ಆ ಡಬ್ಬಿಯನ್ನು ಹಲಗೆಯ ಮೇಲಿಟ್ಟೆ. ಬೆಳಿಗ್ಗೆ ಬಾಗಿಲು ತೆಗೆದರೆ ಇರುವೆಗಳು ಬಂದಿದ್ದವು. ಎಷ್ಟು ವರ್ಷವಾಗಿತ್ತು ಅವು ಆ ಹಲಗೆ ಹತ್ತಿ! ಮುಚ್ಚಳದ ಸಂದಿಯ ಸುತ್ತ ಸಾಲುಗಟ್ಟಿ ತಿರುಗುತ್ತಿದ್ದವು, ದಾರಿ ಸಿಗದೆ ಮತ್ತೆ ತಿರುಗುತ್ತಿದ್ದವು. ಅವಕ್ಕೆ ರಾಚಪ್ಪನ ಕಥೆಯನ್ನು ಯಾರೂ ಹೇಳಿಲ್ಲ. ಊದಿ ಓಡಿಸಿ, ಮುಚ್ಚಳ ತೆಗೆದೆ. ಒಳಗೆ ಒಂದು ಇರುವೆಯೂ ಇರಲಿಲ್ಲ. ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ.

ಆಮೇಲೆ ಹೆಂಡತಿಯನ್ನು ಕೂಗಿ, ಸಕ್ಕರೆಯ ಬಟ್ಟಲನ್ನು ಇನ್ನು ಒಳಗೆ ಒಯ್ಯಬೇಡ ಎಂದೆ. ಮೂಸುವವರು ಮೂಸಲಿ. ಹಲಗೆಯ ಮೇಲಿದ್ದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದಕ್ಕೂ ಹಾಕುತ್ತಾ ಬಂದೆ.