ತೆಪ್ಪದ ಆಟದ ಕಸ್ತೂರಿ

ಶಹಾಪುರದಲ್ಲಿ ಮನೆಯ ಮುಂಭಾಗದಲ್ಲೇ ಫೋಟೊ ಸ್ಟುಡಿಯೋ ಇಟ್ಟಿರುವ ಬಸವಕುಮಾರನಿಗೆ ಮದುವೆ ಆಲ್ಬಮ್ಮುಗಳ ಕೆಲಸ ಮುಗಿದರೆ ಒಂದೇ ಗೀಳು: ಕಂಪ್ಯೂಟರಿನಲ್ಲಿ ಗೇಮ್ ಮಾಡುವುದು. ಸುರಪುರದ ಬೆಟ್ಟದಂಥ ಬೆಟ್ಟ, ಮೇಲೊಂದು ಕೋಟೆ, ಬಾಗಿಲಲ್ಲೇ ಕತ್ತಿ ಬೀಸುವ ದೈತ್ಯ. ವರ್ಷಗಟ್ಟಲೆ ಕೂತು ಕಟ್ಟಿದ ಆಟ. ಇಂಟರ್‌ನೆಟ್ಟಿಗೆ ಹಾಕಿದಾಗ ಆಡಿದವರೇ ಕಡಿಮೆ, ಬಾಗಿಲು ದಾಟಿದವರಂತೂ ಇಲ್ಲವೇ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯ ಅಲ್ತಾಫ್ ನೇರವಾಗಿ ಹೇಳಿಬಿಟ್ಟ: "ಅಣ್ಣಾ, ಒಳಗ ಏನದ ನೋಡಾಕರ ಬಿಡ್ಬೇಕಲ್ಲ?"

ಹೆಂಡತಿ ಕಸ್ತೂರಿ ವಡಗೇರಾ ಕಡೆಯ ಹೊಳೆದಂಡೆಯವಳು. ಚಿತ್ರಗಳನ್ನು ಓಡಾಡಿಸುವುದನ್ನು ಆಕೆಗೆ ಕಲಿಸಿದವನು ಬಸವಕುಮಾರನೇ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ಆಕೆಯೂ ಒಂದು ಆಟ ಮಾಡಿದಳು. ಆಡುವವರು ಅದರಲ್ಲಿ ತೆಪ್ಪ ನಡೆಸುವ ಹುಡುಗಿಯಾಗಬೇಕು. ಊರವರನ್ನು ಹೊಳೆ ದಾಟಿಸುತ್ತ, ಅವರ ಕಷ್ಟ ಕೇಳುತ್ತ, ಒಂದೊಂದೇ ವಿದ್ಯೆ ಕಲಿತು ಮಡುವಿನ ಮೊಸಳೆಯನ್ನು ಎದುರಿಸಬೇಕು. ತೆಪ್ಪ ಮುಳುಗಿದರೆ ದಂಡೆಯ ಮೇಲಿನ ಮುದುಕಿ, "ಇರ್ಲಿ ಬಿಡವ್ವ, ಹುಟ್ಟು ಬಲಕ್ಕ ಹಾಕು," ಎಂದು ಹೇಳಿಕೊಡುತ್ತಾಳೆ.

ಇಂಟರ್‌ನೆಟ್ಟಿಗೆ ಹಾಕಿದ್ದೇ ತಡ, ಎಂದೂ ಗೇಮ್ ಮುಟ್ಟದವರೂ ಅದನ್ನು ಆಡತೊಡಗಿದರು. ಬಸವಕುಮಾರನ ತಾಯಿ ಗೊಲ್ಲಾಳಮ್ಮ ಕೂಡ ಚಷ್ಮಾ ಏರಿಸಿಕೊಂಡು ಫೋನು ಹಿಡಿದು ಕೂತಳು. ಒಂದು ದಿನ ಫೋಟೊ ತೆಗೆಸಲು ಬಂದ ಗಿರಾಕಿ ಕೇಳಿದ: "ತೆಪ್ಪದ ಆಟದ ಕಸ್ತೂರಕ್ಕನ ಮನಿಯವ್ರು ನೀವೇನ್ರಿ?"

ಬಸವಕುಮಾರನಿಗೆ ಮೈಯೆಲ್ಲ ಉರಿದುಹೋಯಿತು.

ತಪ್ಪು ಹುಡುಕಲೆಂದೇ ಕದ್ದು ಆಡಿದ. ಮೊಸಳೆಯನ್ನು ಗೆದ್ದಾಗ ತನ್ನ ಮುಖದಲ್ಲೂ ನಗೆ ಮೂಡಿದ್ದು ಗೊತ್ತಾಗಿ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಇಂಟರ್‌ನೆಟ್ಟಿನಲ್ಲಿ ಆ ಆಟದ ಕೆಳಗೆ ಸುಳ್ಳು ಹೆಸರಿನಲ್ಲಿ ಬರೆದ: "ಮುದುಕಿಯೇ ಎಲ್ಲ ಹೇಳಿಕೊಟ್ಟರೆ ಇದು ಆಟವೇ? ಕೂಸಿಗೆ ತುತ್ತು ತಿನ್ನಿಸಿದಂತಿದೆ."

ಕಸ್ತೂರಿ ಅದನ್ನು ಅವನಿಗೇ ಓದಿ ಹೇಳಿದಳು. "ನಿಮಗೇನ ಅನಸ್ತದ್ರಿ?"

"ಖರೇನ ಬರದಾನ," ಎಂದ, ತಲೆಯೆತ್ತದೆ.

ಗಂಡನ ಮಾತು ನಂಬಿ ಆಕೆ ಮುದುಕಿಯನ್ನು ತೆಗೆದುಹಾಕಿದಳು. ಆಮೇಲೆ ಗೊಲ್ಲಾಳಮ್ಮನ ತೆಪ್ಪ ಮೇಲಿಂದ ಮೇಲೆ ಮುಳುಗಿತು. ಆಕೆ ಫೋನು ಕೆಳಗಿಟ್ಟಳು.

"ಆ ಮುದುಕಿ ಎಲ್ಲಿ ಹೋದ್ಳೋ ಯಪ್ಪಾ? ನಂಗೊಬ್ಬಾಕಿಗೆ ಆಗವಲ್ದು. ಇದೂ ನಿನ್ನ ಆಟದಂಗ ಆತು."

ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು.

"ಅದನ್ನ ಬರದಾಂವ ನಾನ, ಕಸ್ತೂರಿ."

ಆಕೆಯ ಕೈ ನಿಂತಿತು. "ಯಾಕ್ರಿ?"

"ಹೊಟ್ಟಿಕಿಚ್ಚು."

"ಬರದದ್ದು ಇರ್ಲಿ. ನಾ ನಿಮ್ಮನ್ನ ನಂಬಿ ಕೇಳಿದ್ನಲ್ರಿ, ಆವಾಗರ ಹೇಳಬೇಕಿತ್ತು." ಅಷ್ಟೇ ಅಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅವತ್ತೇ ಮುದುಕಿ ಆಟಕ್ಕೆ ಮರಳಿದಳು. ನಾಲ್ಕು ದಿನ ಕಳೆದ ಮೇಲೆ ಗಂಡ ಹೆಂಡಿರ ಮಾತುಕತೆಯೂ ಮರಳಿತು. ಕಸ್ತೂರಿ ಈಗ ಇನ್ನೊಂದು ಆಟ ಮಾಡುತ್ತಿದ್ದಾಳೆ. ಮೊದಲು ಪ್ರತಿ ಚಿತ್ರವನ್ನೂ ಗಂಡನಿಗೆ ತೋರಿಸುತ್ತಿದ್ದವಳು ಈಗ ಅತ್ತೆಗೆ ತೋರಿಸುತ್ತಾಳೆ. ಸ್ಟುಡಿಯೋದಲ್ಲಿ ಯಾವನೋ ಮದುಮಗನ ಮುಖದ ಮೊಡವೆ ಅಳಿಸುತ್ತ ಕೂತವನಿಗೆ ಒಳಗಿನಿಂದ ಇಬ್ಬರ ನಗು ಕೇಳುತ್ತದೆ. ಕರೆಯುತ್ತಾರೇನೋ ಎಂದು ಕಾಯುತ್ತಾನೆ.

ಮೊನ್ನೆ ತಡೆಯಲಾರದೆ ಬಾಗಿಲಿಗೆ ಹೋಗಿ ನಿಂತ. "ಏನ ಹೊಸಾದು?"

"ಇನ್ನಾ ಮುಗಿದಿಲ್ಲೇಳಪಾ," ಎಂದಳು ತಾಯಿ, ಫೋನನ್ನು ಸೆರಗಿನಲ್ಲಿ ಮರೆಮಾಡಿಕೊಂಡು.